ಐರೇಣಿ ತಟ್ಟೆ

ಸೊಸೆ ಕೊಟ್ಟಿಗೆಯ ಗೋಡೆಗೆ ಸೀಮೆಸುಣ್ಣದಲ್ಲಿ ಗೀಚುವುದು ಮುನಿಗಂಗಮ್ಮನಿಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ಕೊಟ್ಟಿಗೆ ಎಂಬುದು ಈಗ ಹೆಸರಿಗೆ ಮಾತ್ರ. ಹಸು ಮಾರಿದ ಮೇಲೆ ಅಲ್ಲಿ ಪಾತ್ರೆ ಸುಡುವ ಕರೆಂಟಿನ ಆವಿಗೆಯೊಂದು ಬಂದು ಕೂತಿತ್ತು. ಮದುವೆಗೆ ಮುಂಚೆ ಸೊಸೆ ಶ್ಯಾಮಲಾ ಕೆಲಸಕ್ಕೆ ಹೋಗುತ್ತಿದ್ದ ಬಂಗಾರಪೇಟೆಯ ಪಿಂಗಾಣಿ ಘಟಕ ಬಾಗಿಲು ಹಾಕಿದಾಗ, ಅವಳ ಗಂಡ ಮುನಿರಾಜ ಅಲ್ಲಿನ ಆವಿಗೆಯನ್ನು ಗುಜರಿ ಬೆಲೆಗೆ ಹಿಡಿದು ಟೆಂಪೋದಲ್ಲಿ ಕ್ಯಾಸಂಬಳ್ಳಿಗೆ ತಂದಿದ್ದ. ಕುಂಬಾರರ ಮನೆಗೆ ಇನ್ನೊಂದು ಆವಿಗೆ ಬಂದರೆ ತಪ್ಪೇನು ಎಂದು ಮಾವ ಕೋದಂಡಪ್ಪ ಅಂದಿದ್ದ. ಅತ್ತೆ ಮಾತ್ರ ಅದರ ಪಕ್ಕ ಹಾಯುವಾಗಲೆಲ್ಲ ಸೆರಗು ಮುದುರಿಕೊಳ್ಳುತ್ತಿದ್ದಳು, ಅದು ಕಚ್ಚುವ ನಾಯಿ ಎಂಬಂತೆ.

"ಗೋಡೇಲಿ ಏನಮ್ಮಿ ಅದು? ಎರೆಹುಳ ಅರಿದಂಗೆ ಅದೆ."

"ಡಿಸೈನು ಅತ್ತೆ. ತಟ್ಟೆ ಮ್ಯಾಲಕ್ಕೆ."

"ಉಣ್ಣೋ ತಟ್ಟೆ ಮ್ಯಾಲೆ ಎರೆಹುಳಾನಾ? ಉಂಡಂಗೇ ಆಯ್ತು ಬಿಡು."

ಎರೆಹುಳವಲ್ಲ. ಶ್ಯಾಮಲಾ ಹುಟ್ಟಿ ಬೆಳೆದದ್ದು ನಂದಿದುರ್ಗ ಎಂಬ ಚಿನ್ನದ ಗಣಿಯ ಕೂಲಿಕಾರರ ಲೈನಿನಲ್ಲಿ. ಆ ಲೈನಿನ ಹಿಂದೆ ಚಿನ್ನ ತೆಗೆದು ಬಿಸಾಕಿದ ಮಣ್ಣಿನ ಬೂದು ಗುಡ್ಡವಿದೆ. ಸೈನೈಡ್ ಗುಡ್ಡ ಎಂದೇ ಎಲ್ಲರೂ ಕರೆಯುವುದು. ಮಳೆ ಬಿದ್ದಾಗಲೆಲ್ಲ ನೀರು ಅದರ ಮೈಯನ್ನು ಕೊರೆದು ನೂರಾರು ಸಣ್ಣ ಕಾಲುವೆ ಮಾಡುತ್ತದೆ. ತಲೆಯ ಕಡೆ ಕೂದಲಿನಷ್ಟು ಸಣ್ಣಗೆ ಹೊರಟು, ಒಂದಕ್ಕೊಂದು ಸೇರಿಕೊಂಡು, ಬುಡಕ್ಕೆ ಬರುವಷ್ಟರಲ್ಲಿ ಕೈ ಹಿಡಿಸುವಷ್ಟು ಅಗಲ. ಸ್ವಂತಕ್ಕೊಂದು ಡಿಸೈನು ಬೇಕು ಅಂದುಕೊಂಡ ದಿನ ಅವಳಿಗೆ ಮೊದಲು ನೆನಪಾದದ್ದು ಅದೇ. ಭಾನುವಾರ ಬಂದರೆ ರಾಬರ್ಟ್‌ಸನ್‌ಪೇಟೆಯ ಬಸ್ಸು ಹತ್ತಿ, ಅಲ್ಲಿಂದ ಆಟೋ ಹಿಡಿದು, ಗುಡ್ಡದ ಎದುರು ಕಲ್ಲಿನ ಮೇಲೆ ಕೂತು ಹಳೇ ಕ್ಯಾಲೆಂಡರಿನ ಬೆನ್ನಿಗೆ ಬರೆದುಕೊಂಡು ಬರುತ್ತಿದ್ದಳು. ಮನೆಗೆ ಬಂದು ಗೋಡೆಯ ಮೇಲೆ ತಟ್ಟೆಯಷ್ಟೇ ದೊಡ್ಡ ಸುತ್ತು ಹಾಕಿ ಲೆಕ್ಕಾಚಾರ: ಗೆರೆ ಅಂಚಿನಿಂದ ಹೊರಡಬೇಕೋ, ನಡುವಿನಿಂದಲೋ? ಸಾರು ಸುರಿದರೆ ಯಾವ ಗೆರೆ ಮುಚ್ಚಬೇಕು, ಯಾವುದು ಕಾಣುತ್ತಲೇ ಇರಬೇಕು? ಮುದ್ದೆ ಇಡುವ ಜಾಗ ಖಾಲಿ ಬಿಟ್ಟರೆ ಚೆನ್ನಾಗಿರುತ್ತದೋ? ಅಳಿಸುವುದು, ಮತ್ತೆ ಬರೆಯುವುದು. ಅಡುಗೆ, ನೀರು, ಬಟ್ಟೆ ಎಲ್ಲ ಮುಗಿಸಿದ ಮೇಲೆ ಸಿಗುತ್ತಿದ್ದ ಆ ಒಂದು ಗಳಿಗೆಯೇ ಅವಳಿಗೆ ಇಡೀ ದಿನ.

ಈ ಮನೆಗೂ ತನ್ನದೇ ಗೆರೆಯೊಂದಿತ್ತು. ಸುತ್ತಲ ಹಳ್ಳಿಗಳ ಮದುವೆಗೆ ಚಪ್ಪರದಡಿ ಇಡುವ ಐರೇಣಿ ಕುಂಡಗಳು ಹೋಗುವುದು ಕೋದಂಡಪ್ಪನ ಮನೆಯಿಂದ. ಹೆಣ್ಣಿನ ಕಡೆಯವರು ತಮಟೆ ಬಡಿಸಿಕೊಂಡು ಅಕ್ಕಿ, ಬೇಳೆ, ಎಲೆ ಅಡಿಕೆ ತಂದುಕೊಟ್ಟು ಹೊತ್ತುಕೊಂಡು ಹೋಗುತ್ತಾರೆ. ಕುಂಡ ಮಾಡುವುದು ಗಂಡಸು. ಸುಣ್ಣ ಬಳಿದು ಕೆಮ್ಮಣ್ಣಿನ ಗೆರೆ ಎಳೆಯುವುದು ಮನೆಯ ಹೆಂಗಸು. ನಡುಮನೆಯ ಬಾಗಿಲು ಹಾಕಿಕೊಂಡು ಮುನಿಗಂಗಮ್ಮ ಬರೆಯುತ್ತಿದ್ದಳು. ಮದುಮಗಳ ತಾಯಿಯನ್ನು ಬಿಟ್ಟರೆ ಇನ್ಯಾರೂ ಒಳಗೆ ಹೋಗುವಂತಿಲ್ಲ. ತಮಿಳು ಮಾತಾಡುವ ಬೇರೆ ಜಾತಿಯ ಸೊಸೆಯಂತೂ ಆ ಹೊತ್ತಿಗೆ ಅಡುಗೆಮನೆಯಿಂದ ಈಚೆಗೂ ಬರುವಂತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಶ್ಯಾಮಲಾಳಿಗೆ ಇದು ಮನಸ್ಸಿಗೆ ಚುಚ್ಚುತ್ತಿತ್ತು. ಆಮೇಲಾಮೇಲೆ, ಅವರ ಬಾಗಿಲು ಅವರಿಗಿರಲಿ, ನನ್ನ ಗೋಡೆ ನನಗಿರಲಿ ಎಂದು ಸಮಾಧಾನ ಮಾಡಿಕೊಂಡಿದ್ದಳು.

ಗುಡ್ಡದ ಗೆರೆಯ ಮೊದಲ ತಟ್ಟೆ ಆವಿಗೆಯಿಂದ ಇಳಿದ ವಾರ ಅವಳ ಅಪ್ಪ ಸೆಲ್ವರಾಜ್ ಮಗಳನ್ನು ನೋಡಲು ಬಂದ. ಗಣಿ ಮುಚ್ಚುವವರೆಗೂ ಪಾತಾಳದಲ್ಲಿ ದುಡಿದವನು. ಈಗ ನಾಲ್ಕು ಮಾತಿಗೆ ಒಂದು ಸಲ ಕೆಮ್ಮುತ್ತಾನೆ. ಅವಳು ಸಂಭ್ರಮದಿಂದ ಹೊಸ ತಟ್ಟೆಯಲ್ಲೇ ಅನ್ನ ಹಾಕಿ, ಹುರುಳಿಕಾಳಿನ ಸಾರು ಬಿಟ್ಟಳು. ಮುದುಕ ತಟ್ಟೆ ತಿರುಗಿಸಿ ತಿರುಗಿಸಿ ನೋಡಿದ.

"ಇದು ನಮ್ ಗುಡ್ಡ ತಾನೇ?"

"ಹೂಂ ಅಪ್ಪಾ!" ಶ್ಯಾಮಲಾಳ ಮುಖ ಅರಳಿತು. "ನೋಡಿದ ತಕ್ಷಣ ಗೊತ್ತಾಯ್ತಾ?"

"ಗೊತ್ತಾಗ್ದೆ? ಅದ್ರ ಧೂಳು ಇನ್ನೂ ಇಲ್ಲೇ ಕೂತದೆ." ಎದೆ ಮುಟ್ಟಿಕೊಂಡ. "ವೇಣಾಂ ಕಣ್ಣು, ಬೇಡ. ಬೇರೆ ತಟ್ಟೇಲಿ ಆಕು. ಇದ್ರ ಮ್ಯಾಲೆ ಅನ್ನ ನಂಗೆ ಇಳಿಯಲ್ಲ."

ಅವಳು ಸ್ಟೀಲ್ ತಟ್ಟೆ ತಂದಳು. ಬಾಗಿಲ ಬಳಿ ಕೂತಿದ್ದ ಮುನಿಗಂಗಮ್ಮ ಎದ್ದು ಬಂದು, ಬೀಗರಿಗೆ ಎಂದೂ ಇಲ್ಲದ ಅಕ್ಕರೆಯಿಂದ ಇನ್ನೊಂದು ಸೌಟು ಸಾರು ಬಡಿಸಿದಳು.

ಅಪ್ಪನ ಮಾತು ನೋಯಿಸಿತು, ನಿಜ. ಆದರೂ ಅವಳು ಬಿಡಲಿಲ್ಲ. ಗುಡ್ಡ ಗೊತ್ತಿಲ್ಲದವರಿಗೆ ಅದು ಬರೀ ಗೆರೆ, ಚೆಂದದ ಗೆರೆ. ಮುನಿರಾಜ ಫೋಟೋ ಹೊಡೆದು, ಬೆಂಗಳೂರಿನಲ್ಲಿ ಕೈಕೆಲಸದ ಪಾತ್ರೆ ಮಾರುವ ಜ್ಯೋತ್ಸ್ನಾ ಎಂಬವರಿಗೆ ಕಳಿಸಿದ. ಅವನ ಗುತ್ತಿಗೆ ಕೆಲಸ ವಾರದಲ್ಲಿ ಅರ್ಧ ಇದ್ದರೆ ಅರ್ಧ ಇರುತ್ತಿರಲಿಲ್ಲ; ಖಾಲಿ ಕೂತ ಗಂಡಸಿಗೆ ಫೋನೇ ಕಾರ್ಖಾನೆ. ಎರಡು ದಿನ ಬಿಟ್ಟು ಆಕೆಯೇ ಫೋನ್ ಮಾಡಿದಳು. ಮುನಿರಾಜ ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ.

"ಫಿನಿಶಿಂಗ್ ತುಂಬ ಚೆನ್ನಾಗಿದೆ. ಆದ್ರೆ ಈ ಬೂದು ಗೆರೆಗಳು ಸ್ವಲ್ಪ ಡಲ್ ಅನ್ಸುತ್ತೆ. ಊಟದ ಟೇಬಲ್‌ಗೆ ಬೇಜಾರು."

ಶ್ಯಾಮಲಾ ತುಟಿ ಕಚ್ಚಿಕೊಂಡಳು.

"ಫೋಟೋದಲ್ಲಿ ಅದ್ರ ಹಿಂದೆ ಮಡಕೆಗಳಿವೆಯಲ್ಲ, ಬಿಳಿ ಮೇಲೆ ಕೆಂಪು ಗೆರೆ? ಅದು ಎಷ್ಟು ಚೆನ್ನಾಗಿದೆ! ಅದನ್ನೇ ತಟ್ಟೆ ಮೇಲೆ ಮಾಡಿ ಕೊಡ್ತೀರಾ? ಹಬ್ಬದ ಸೀಸನ್‌ಗೆ ಎಷ್ಟಾದ್ರೂ ತಗೋತೀನಿ."

"ಆಗ್ಲಿ ಮೇಡಂ. ಮಾಡ್ಕೊಡ್ತೀವಿ ಮೇಡಂ," ಎಂದುಬಿಟ್ಟ ಮುನಿರಾಜ, ಮನೆಯಲ್ಲಿ ಇನ್ನೂ ಮೂವರು ಬದುಕಿದ್ದಾರೆ ಎಂಬುದನ್ನೇ ಮರೆತವನಂತೆ.

ಅವತ್ತು ರಾಗಿಮುದ್ದೆ ಒಲೆಯ ಮೇಲೇ ತಣ್ಣಗಾಯಿತು.

"ಐರೇಣಿ ಗೆರೆ ತಕ್ಕೊಂಡೋಗಿ ಉಣ್ಣೋ ತಟ್ಟೆಗೆ ಆಕ್ತೀಯೇನ್ಲಾ?" ಮುನಿಗಂಗಮ್ಮನ ದನಿ ಬೀದಿಗೆ ಕೇಳುತ್ತಿತ್ತು. "ಅದ್ರ ಮ್ಯಾಲೆ ಕೋಳಿ ಮೂಳೆ ಕಡಿದು ಬಿಸಾಕ್ತಾರೆ. ಎಂಜಲ ತೊಳೀತಾರೆ. ಪೂಜೆ ಮಾಡಿ ಒತ್ಕೊಂಡೋಗೋ ಕುಂಡ ಕಣ್ಲಾ ಅದು!"

"ಯಮ್ಮಾ, ಕುಂಡ ಯಾರು ಎಂಜಲು ಮಾಡ್ತಾರೆ? ಬರೀ ಗೆರೆ ತಾನೆ ಕೇಳಿರೋದು?"

"ಗೆರೆ ಇಲ್ದಿದ್ರೆ ಕುಂಡಾನೂ ಒಂದೇ, ಮಡಕೇನೂ ಒಂದೇ."

"ಈಗ ಎಷ್ಟು ಜನ ಬತ್ತಾರೆ ನಿನ್ ಐರೇಣಿಗೆ? ಪೇಟೇಲಿ ಬಣ್ಣ ಬಳ್ದಿರೋ ಪ್ಲಾಸ್ಟಿಕ್ ಕುಂಡ ಸಿಗ್ತದೆ. ಅದನ್ನೇ ತಕ್ಕೊಂಡೋಗಿ ಮದ್ವೆ ಮಾಡ್ತಾರೆ."

"ಮಾಡ್ಕೊಳ್ಲಿ. ನನ್ ಕೈಲಿ ಆಗಲ್ಲ."

ಶ್ಯಾಮಲಾ ಮೆಲ್ಲಗೆ ನಡುವೆ ಬಾಯಿ ಹಾಕಿದಳು. "ರೀ, ಅತ್ತೆಗೆ ಇಷ್ಟ ಇಲ್ಲ ಅಂದ್ರೆ ಬಿಡಿ. ನಂದೇ ಗೆರೇನ ಬೇರೆ ಬಣ್ಣದಲ್ಲಿ ಮಾಡಿ ತೋರಿಸ್ತೀನಿ. ನೀಲಿ ಆಕಿದ್ರೆ..."

"ನೀನು ಸುಮ್ನಿರು!" ತಾಯಿ, ಮಗ ಇಬ್ಬರೂ ಒಟ್ಟಿಗೇ ಅಂದರು. ಜಗಳದಲ್ಲಿ ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ಮಾತಿಗೆ.

ಮರುದಿನದಿಂದ ಮುನಿಗಂಗಮ್ಮ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೇರೆ ಅಡುಗೆ ಮಾಡಿಕೊಂಡಳು. ಕೋದಂಡಪ್ಪನ ಪಾಡು ಹೇಳತೀರದು. ಬೆಳಗ್ಗೆ ಹೆಂಡತಿಯ ಗಂಜಿ ಕುಡಿದರೆ ಮಗನಿಗೆ ಬೇಜಾರು, ಮಧ್ಯಾಹ್ನ ಸೊಸೆಯ ಮುದ್ದೆ ಉಂಡರೆ ಹೆಂಡತಿಗೆ ಕೋಪ. ಮಂಡಿನೋವಿನ ಮುದುಕ ಎರಡೂ ಕಡೆ ಅರ್ಧರ್ಧ ಉಂಡು ಸೊರಗಿದ. ಕೊನೆಗೆ ಒಂದು ದಿನ ಮಡಕೆ ತಿರುಗಿಸುವ ತಿಗುರಿಯ ಮುಂದಿನಿಂದ ಏಳದೆಯೇ ತೀರ್ಮಾನ ಕೊಟ್ಟ.

"ಮಾಡ್ಲಿ ಬಿಡೇ. ಮಣ್ಣು ಮುಟ್ದೋರು ಉಪಾಸ ಬೀಳ್ಬಾರ್ದು. ನಿನ್ ಕೈಲಾಗ್ದಿದ್ರೆ ಅವಳೇ ಬರೀಲಿ."

"ಅವಳಾ?" ಎಂದಳು ಮುನಿಗಂಗಮ್ಮ.

ಶ್ಯಾಮಲಾಳಿಗೂ ಬೇಕಿರಲಿಲ್ಲ. ಕೊಟ್ಟಿಗೆಯಲ್ಲಿ ಗಂಡನನ್ನು ಹಿಡಿದು ಕೇಳಿದಳು, "ನನ್ ಡಿಸೈನಿನ ಗತಿ ಏನು?"

"ಇದೊಂದು ಆರ್ಡರು ಆಗೋಗ್ಲಿ. ಆಮೇಲೆ ನಿಂದೇ. ಮೇಡಂಗೆ ನಮ್ ಮೇಲೆ ನಂಬಿಕೆ ಬರ್ಲಿ, ಗುಡ್ಡ ಬೇಕಾದ್ರೆ ಗುಡ್ಡ, ಗಣಿ ಬೇಕಾದ್ರೆ ಗಣಿ."

"ನಿಜವಾಗ್ಲೂ?"

"ನಿನ್ ಮೇಲಾಣೆ."

ಅವಳು ನಂಬಿದಳು. ನಂಬದೆ ಏನು ಮಾಡಬೇಕಿತ್ತು? ಪೇಟೆಯಿಂದ ತಂದ ಪೊಟ್ಟಣದ ಬಿಳಿ ಮಣ್ಣು ಸಾಲದೆ ಬಂದಾಗ, ಒಣಗಲು ಇಟ್ಟಿದ್ದ ತನ್ನ ಗುಡ್ಡದ ತಟ್ಟೆಗಳನ್ನೇ ನೀರಿಗೆ ಹಾಕಿ, ನೆನೆಸಿ, ನಾದಿ, ಹೊಸದಾಗಿ ಲಟ್ಟಿಸಿದಳು. ನಾದುವಾಗ ಅಳು ಬಂತು. ಮಣ್ಣಿಗೆ ಹೇಗೂ ನೀರು ಬೇಕಿತ್ತು ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಂಡಳು.

ಒಂದು ಸಲ ಸುಟ್ಟ ತಟ್ಟೆಗಳ ಮೇಲೆ ಕೆಮ್ಮಣ್ಣಿನ ಗೆರೆ ಹಾಕುವ ಕೆಲಸ ಶುರುವಾಯಿತು. ಹಳೇ ಕುಂಡವೊಂದನ್ನು ಎದುರಿಗಿಟ್ಟುಕೊಂಡು ಶ್ಯಾಮಲಾ ನಕಲು ಮಾಡುತ್ತಿದ್ದಳು. ಅವಳ ಕೈ ಚೊಕ್ಕ, ಆದರೆ ಐರೇಣಿ ಗೆರೆ ಚೊಕ್ಕಟವಾದರೆ ಸಾಲದು, ಅದಕ್ಕೊಂದು ಓಟವಿದೆ. ಮುನಿಗಂಗಮ್ಮ ಕಸ ಗುಡಿಸುವ ನೆಪದಲ್ಲಿ ಕೊಟ್ಟಿಗೆಯ ಬಾಗಿಲಿಗೆ ಬಂದು ನೋಡಿ ಹೋದಳು. ಮಧ್ಯಾಹ್ನ ಸೌದೆಯ ನೆಪ. ಸಂಜೆ ಕೋಳಿ ಹುಡುಕುವ ನೆಪ. ಮೂರನೇ ದಿನ ಯಾವ ನೆಪವನ್ನೂ ಹೇಳದೆ ನೆಟ್ಟಗೆ ಒಳಗೆ ಬಂದಳು.

"ಅಂಗಲ್ವೇ ಅಮ್ಮಿ! ತಿಪ್ಪೆ ಕೆದಕ್ದಂಗೆ ಎಳೀತಾ ಇದೀಯ. ಕಡ್ಡಿ ಕೊಡಿಲ್ಲಿ."

ಈಚಲ ಕಡ್ಡಿಯ ತುದಿ ಜಜ್ಜಿ ಮಾಡಿದ ಕುಂಚ ಅವಳ ಕೈಗೆ ಹೋಯಿತು. ತಟ್ಟೆಯನ್ನು ಎಡಗೈಯಲ್ಲಿ ತಿರುಗಿಸುತ್ತ ಮುದುಕಿ ಒಂದೇ ಉಸಿರಿಗೆ ಗೆರೆ ಎಳೆದಳು. ಶ್ಯಾಮಲಾ ಬಾಯಿ ಬಿಟ್ಟು ನೋಡಿದಳು. ಎಷ್ಟು ಸಿಟ್ಟಿದ್ದರೂ ಚೆನ್ನಾಗಿರುವುದನ್ನು ಚೆನ್ನಾಗಿಲ್ಲ ಅನ್ನಲು ಅವಳಿಗೆ ಬರುತ್ತಿರಲಿಲ್ಲ.

"ಅತ್ತೆ, ನೀವು ಬರೆಯಲ್ಲ ಅಂದಿದ್ರಲ್ಲ?"

"ಬರೀತೀನೋ ಬಿಡ್ತೀನೋ ನನ್ ಪಾಡು. ಮನೆ ಗೆರೆ ಅಂತ ಊರಿಗೆ ಓಗೋದು ಇಂಗೆ ಕುಂಟ್ಕೊಂಡು ಓಗ್ಬಾರ್ದು."

ಹಿತ್ತಲ ಒಲೆ ಆರಿತು. ಮನೆಯಲ್ಲಿ ಮತ್ತೆ ಒಂದೇ ಅಡುಗೆ. ಮುನಿರಾಜ ಪೇಟೆಯಿಂದ ಮೀನು ತಂದ, ಕೋದಂಡಪ್ಪ ಎರಡು ಮುದ್ದೆ ಉಂಡ. ಅತ್ತೆ ಬರೆಯುವುದು, ಸೊಸೆ ಅದನ್ನು ಒಣಗಿಸಿ ಸಾಲಾಗಿ ಜೋಡಿಸುವುದು. ತಟ್ಟೆ ತುಂಬಲು ತಂದು ಗೋಡೆಗೆ ಒರಗಿಸಿಟ್ಟ ರಟ್ಟಿನ ಪೆಟ್ಟಿಗೆಗಳು ಶ್ಯಾಮಲಾಳ ಚಿತ್ರಗಳನ್ನು ಮುಚ್ಚಿಬಿಟ್ಟವು. ಎಲ್ಲರೂ ಸಂತೋಷವಾಗಿರುವ ಮನೆಯಲ್ಲಿ ತಾನೊಬ್ಬಳು ಮುಖ ಸಣ್ಣ ಮಾಡಿಕೊಳ್ಳುವುದು ಅವಳಿಗೇ ನಾಚಿಕೆ ಅನ್ನಿಸುತ್ತಿತ್ತು. ಆಗಾಗ ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದಳು.

ಕೊನೆಯ ಸುಡುವಿಕೆಗೆ ಮುಂಚೆ ಅವಳು ಒಂದು ವಿಷಯ ಗಮನಿಸಿದಳು. ಅತ್ತೆ ಬರೆದ ಪ್ರತಿ ತಟ್ಟೆಯಲ್ಲೂ ಅಂಚಿನ ಕೆಂಪು ಗೆರೆ ಪೂರ್ತಿ ಸುತ್ತಿ ಬಂದು, ಶುರುವಾದ ಜಾಗಕ್ಕೆ ಸೇರುವ ಮುಂಚೆಯೇ ನಿಂತಿತ್ತು. ಬೆರಳಗಲ ಸಂದು. ಪಾಪ, ಕಣ್ಣು ಮಂಜಾಗಿದೆ, ಹೇಳಿದರೆ ಮುದುಕಿಗೆ ಅವಮಾನ ಎಂದುಕೊಂಡಳು. ಮೇಡಂ ನೋಡಿ ವಾಪಸ್ ಕಳಿಸಿದರೆ ಮತ್ತೆ ಮನೆಯಲ್ಲಿ ರಂಪ. ಅತ್ತೆ ಮಲಗಿದ್ದ ಮಧ್ಯಾಹ್ನ ಅದೇ ಈಚಲ ಕಡ್ಡಿ ತೆಗೆದುಕೊಂಡು, ಒಂದೊಂದೇ ತಟ್ಟೆಯ ಸಂದು ತುಂಬಿ, ಗೆರೆ ಕೂಡಿಸಿದಳು. ಎಲ್ಲಿ ಕೂಡಿತು ಎಂದು ಗುರುತು ಸಿಗದಷ್ಟು ನಯವಾಗಿ. ಆಮೇಲೆ ಹೊಳಪಿಗೆ ಅದ್ದಿ ಸುಟ್ಟಳು.

ಆವಿಗೆ ತೆಗೆದ ದಿನ ಮನೆಯವರೆಲ್ಲ ಕೊಟ್ಟಿಗೆಯಲ್ಲಿ ಸೇರಿದ್ದರು. ಬಿಳುಪಿನ ಮೇಲೆ ಕೆಂಪು ಮಿನುಗುತ್ತಿತ್ತು. ಮುನಿಗಂಗಮ್ಮ ಒಂದು ತಟ್ಟೆ ಎತ್ತಿಕೊಂಡು ಅಂಚಿನ ಮೇಲೆ ಬೆರಳು ಓಡಿಸಿದಳು. ಇನ್ನೊಂದು ಎತ್ತಿದಳು. ಇನ್ನೊಂದು.

"ಸಂದು ಎಲ್ಲೋಯ್ತು?"

"ನಾನು ತುಂಬ್ದೆ ಅತ್ತೆ. ನಿಮ್ ಕಣ್ಣಿಗೆ ಕಾಣ್ಲಿಲ್ವೇನೋ ಅಂತ..."

"ನನ್ ಕಣ್ಣು ನೆಟ್ಟಗದೆ ಕಣೇ." ಮುದುಕಿ ಹಾಗೇ ನೆಲಕ್ಕೆ ಕುಸಿದು ಕೂತಳು. "ಬೇಕಂತಾನೇ ಬಿಟ್ಟಿದ್ದೆ. ಗೆರೆ ಕೂಡಿದ್ರೆ ಐರೇಣಿ. ಕೂಡ್ದಿದ್ರೆ ಬರೀ ಬಣ್ಣ. ತಟ್ಟೆ ತಟ್ಟೆಯಾಗೇ ಇರ್ಲಿ ಅಂತ ಬಿಟ್ಟಿದ್ದೆ."

ಶ್ಯಾಮಲಾ ತಟ್ಟೆಗಳತ್ತ ಧಾವಿಸಿದಳು. "ಅತ್ತೆ, ಒಡೆದಾಕ್ತೀನಿ. ಎಲ್ಲಾನೂ ಒಡೆದಾಕ್ತೀನಿ," ಎಂದು ಒಂದನ್ನು ಎತ್ತಿಯೇಬಿಟ್ಟಳು.

ಮುನಿರಾಜ ಅವಳ ಮಣಿಕಟ್ಟು ಹಿಡಿದ. "ತಲೆ ಕೆಟ್ಟದಾ? ನಾಳೆ ಗಾಡಿ ಬತ್ತದೆ!"

"ಗೆರೆ ಕೂಡಿದ ಮ್ಯಾಲೆ ಅದೂ ಕುಂಡಾನೇ. ಒಡೆಯೋದು ಎಂಜಲು ಮಾಡೋದಕ್ಕಿಂತ ಕೆಟ್ಟದ್ದು," ಎಂದ ಕೋದಂಡಪ್ಪ ಗೋಡೆ ನೋಡುತ್ತ.

ತಟ್ಟೆಗಳು ಹೋದವು. ಮುನಿಗಂಗಮ್ಮ ಕೂಗಾಡಲಿಲ್ಲ, ಬೇರೆ ಒಲೆಯನ್ನೂ ಹೂಡಲಿಲ್ಲ. ಸೊಸೆ ಬಡಿಸಿದ್ದನ್ನು ಉಂಡು, ತಟ್ಟೆ ತೊಳೆದಿಟ್ಟು, ಜಗುಲಿಯಲ್ಲಿ ಕೂರುತ್ತಿದ್ದಳು. ಅವಳು ಬಯ್ಯದೇ ಇದ್ದದ್ದು ಶ್ಯಾಮಲಾಳಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಜ್ಯೋತ್ಸ್ನಾ ಮತ್ತೆ ಫೋನ್ ಮಾಡಿ ಬಟ್ಟಲು, ಲೋಟ ಎಲ್ಲ ಅದೇ ಗೆರೆಯಲ್ಲಿ ಬೇಕು ಎಂದಾಗ ಮುದುಕಿ ತಲೆ ಅಲ್ಲಾಡಿಸಿದಳು.

"ಇನ್ನು ನಾನು ಕಡ್ಡಿ ಮುಟ್ಟಲ್ಲ ಕಣ್ಲಾ. ಬಲವಂತ ಮಾಡ್ಬೇಡ."

ಮುನಿರಾಜ ಕಾಡಿದ, ಬೇಡಿದ, ಒಂದು ಹೊತ್ತು ಊಟ ಬಿಟ್ಟು ನೋಡಿದ. ಅವಳು ಜಗ್ಗಲಿಲ್ಲ. ಕೊನೆಗೆ ಅವನು ಹೆಂಡತಿಯ ಹತ್ತಿರ ಬಂದು ಹೆಗಲು ಇಳಿಬಿಟ್ಟುಕೊಂಡು ಅಂದ, "ಮೇಡಂಗೆ ಏನೋ ಒಂದು ಸಮಾಧಾನ ಏಳ್ತೀನಿ. ನಿನ್ ಗುಡ್ಡಾನೇ ನೀಲೀಲಿ ಮಾಡು, ತೋರ್ಸಾಣ."

ಶ್ಯಾಮಲಾಳಿಗೆ ಒಳಗೊಳಗೇ ಹಗುರವಾಯಿತು. ಅತ್ತೆಯ ಸಂಕಟದಿಂದ ತನಗೆ ದಾರಿಯಾಯಿತಲ್ಲ ಎಂದು ತನ್ನ ಮೇಲೇ ಅಸಹ್ಯವೂ ಆಯಿತು. ಆದರೂ ಪೆಟ್ಟಿಗೆಗಳನ್ನು ಸರಿಸಿ, ಗೋಡೆ ಒರೆಸಿ, ಹೊಸ ಸುತ್ತು ಹಾಕಿದಳು. ಈ ಸಲ ಗೆರೆಗಳು ಅಂಚಿನಿಂದ ನಡುವಿಗೆ ಬರುವುದು ಬೇಡ; ಒಂದೇ ಪಕ್ಕದಲ್ಲಿ ಹೊರಟು ಒಂದು ಕಡೆ ಸೇರಲಿ. ಮುದ್ದೆಗೆ ಜಾಗ ಉಳಿಯುತ್ತದೆ. ಅಪ್ಪನಿಗೂ ಗುರುತು ಸಿಗಲಿಕ್ಕಿಲ್ಲ. ಒಂದು ಇಡೀ ವಾರ ಅವಳು ಸೊಪ್ಪು ಸೋಸುವಾಗಲೂ ನೆಲದ ಮೇಲೆ ಬೆರಳಲ್ಲಿ ಗೆರೆ ಎಳೆಯುತ್ತಿದ್ದಳು.

ಅಷ್ಟರಲ್ಲಿ ಪಕ್ಕದ ಹಳ್ಳಿಯ ಕೆಂಪಣ್ಣನ ಮಗಳು ಲಿಖಿತಾಳ ಮದುವೆ ಬಂತು. ಎಲೆ ಅಡಿಕೆ ಕೊಟ್ಟು ಹೇಳಿಹೋದದ್ದು ಬಹಳ ಹಿಂದೆ, ಇಲ್ಲ ಅನ್ನುವ ಹಾಗಿರಲಿಲ್ಲ. ಕೋದಂಡಪ್ಪ ಕುಂಡ ಮಾಡಿ ಸುಟ್ಟ. ಮುನಿಗಂಗಮ್ಮ ಸುಣ್ಣ ಬಳಿದಳು. ಗೆರೆಯ ವಿಷಯ ಯಾರೂ ಎತ್ತಲಿಲ್ಲ. ಮದುವೆ ಕುಂಡ ಬೇರೆ, ತಟ್ಟೆ ಬೇರೆ. ಇದನ್ನಂತೂ ಬರೆಯುತ್ತಾಳೆ ಎಂದೇ ಎಲ್ಲರೂ ತಿಳಿದಿದ್ದರು.

ತಮಟೆ ಬೀದಿಗೆ ಬಂತು. ಲಿಖಿತಾಳ ತಾಯಿ ಅಂಜನಮ್ಮ ಮಡಿಲಲ್ಲಿ ಅಕ್ಕಿ ಕಟ್ಟಿಕೊಂಡು ನಡುಮನೆಗೆ ಬಂದಳು. ರೂಢಿಯಂತೆ ಶ್ಯಾಮಲಾ ಅಡುಗೆಮನೆಗೆ ಹೊರಟಾಗ ಮುನಿಗಂಗಮ್ಮ ಅವಳ ರಟ್ಟೆ ಹಿಡಿದು ಒಳಕ್ಕೆ ಎಳೆದುಕೊಂಡಳು. ಬಾಗಿಲು ಹಾಕಿ ಅಗುಳಿ ಜಡಿದಳು.

"ಕೂತ್ಕೊ," ಎಂದು ಮಣೆ ತೋರಿಸಿದಳು.

"ನಾನಾ ಅತ್ತೆ?"

"ಅಯ್ಯೋ ಮುನಿಗಂಗಕ್ಕ," ಅಂಜನಮ್ಮ ಗಾಬರಿಯಾದಳು, "ಆ ಹುಡುಗಿ ನಿಮ್ಮೋಳಲ್ವಲ್ಲ?"

"ನಮ್ಮೋಳೇ ಕಣಮ್ಮ," ಎಂದಳು ಮುನಿಗಂಗಮ್ಮ.

ಮದುವೆಯಾದಾಗಿನಿಂದ ಶ್ಯಾಮಲಾ ಈ ಒಂದು ಮಾತು ಕೇಳಲು ಕಾದಿದ್ದಳು. ಕೇಳಿದಾಗ ಮಣೆಯ ತುದಿಗೆ ಕೂತಳು.

"ಅತ್ತೆ, ಗೆರೆ ಕೆಡಿಸಿದ್ದು ನಾನು. ನನ್ ಕೈಲಿ ಹೆಂಗೆ..."

"ನೀನು ಗೊತ್ತಿಲ್ದೆ ಕೂಡಿಸ್ದೆ. ನಾನು ಗೊತ್ತಿದ್ದೂ ಬರೆದೆ. ಒಂದು ಸಂದು ಬಿಟ್ಟು ದೇವ್ರಿಗೇ ಟೋಪಿ ಆಕಾಕೋದೆ. ತಪ್ಪು ನಂದು. ನನ್ ಕೈ ಎಂಜಲಾಯ್ತು, ಇನ್ನು ಮದ್ವೆ ಕುಂಡಕ್ಕೆ ಬರಲ್ಲ." ಕಡ್ಡಿಯನ್ನು ಸೊಸೆಯ ಮುಂದೆ ಹಿಡಿದಳು. "ನಿನ್ ಕೈ ಚೆನ್ನಾಗದೆ. ನಾನು ನೋಡಿದೀನಿ. ಆದ್ರೆ ಒಂದು ಮಾತು. ಈ ಕಡ್ಡಿ ಮುಟ್ಟಿದ ಮ್ಯಾಲೆ ಉಣ್ಣೋ ತಟ್ಟೆ ಮ್ಯಾಲೆ ಏನೂ ಬರೆಯಂಗಿಲ್ಲ. ನಮ್ ಗೆರೇನೂ ಬೇಡ, ನಿನ್ ಎರೆಹುಳಾನೂ ಬೇಡ. ನಾನು ಬರೆದು ಏನಾಯ್ತು ನೋಡಿದ್ಯಲ್ಲ."

ಹೊರಗೆ ತಮಟೆಯ ಸದ್ದು ಜೋರಾಯಿತು. ಯಾರೋ ಶಿಳ್ಳೆ ಹಾಕಿದರು. "ಒತ್ತಾಯ್ತದೆ ಬೇಗ್ನೆ," ಎಂದು ಕೆಂಪಣ್ಣ ಬಾಗಿಲು ತಟ್ಟಿದ.

ಬೇಡ ಅನ್ನಬಹುದಿತ್ತು. ಎದ್ದು ಅಗುಳಿ ತೆಗೆದು ಹೋಗಬಹುದಿತ್ತು. ಆದರೆ ಬಾಗಿಲಾಚೆ ಒಂದು ಊರೇ ನಿಂತಿತ್ತು. ಇನ್ನೊಂದು ದಾರಿಯೂ ಅವಳಿಗೆ ಹೊಳೆಯಿತು. ಗೆರೆ ಸೊಟ್ಟಗೆ ಎಳೆದುಬಿಟ್ಟರೆ? ಈ ಕೈ ಆಗುವುದಿಲ್ಲ ಎಂದು ಅತ್ತೆಯೇ ಬಿಟ್ಟುಬಿಡುತ್ತಾಳೆ. ಒಂದು ಸಲ ಕೈ ನಡುಗಿಸಿದರೆ ಸಾಕು, ಗೋಡೆ ತನಗುಳಿಯುತ್ತದೆ, ಗುಡ್ಡ ಉಳಿಯುತ್ತದೆ.

ಅವಳು ಕಡ್ಡಿಯನ್ನು ಕೆಮ್ಮಣ್ಣಿಗೆ ಅದ್ದಿ ತಲೆ ಎತ್ತಿದಳು. ಅಂಜನಮ್ಮ ಎರಡೂ ಕೈಯಲ್ಲಿ ಮಡಿಲಕ್ಕಿ ಹಿಡಿದುಕೊಂಡು ನಿಂತಿದ್ದಳು. ಅವಳ ಕಣ್ಣು ಕುಂಡದ ಮೇಲೆ ನೆಟ್ಟಿತ್ತು, ಮಗಳ ಬಾಳೆಲ್ಲ ಅಲ್ಲೇ ಬರೆಯುತ್ತಾರೆ ಎಂಬಂತೆ. ಆ ತಾಯಿಯ ಎದುರು ಸೊಟ್ಟ ಗೆರೆ ಎಳೆಯಲು ಶ್ಯಾಮಲಾಳಿಂದ ಆಗಲಿಲ್ಲ.

ಎಡಗೈಯಲ್ಲಿ ಕುಂಡ ತಿರುಗಿಸುತ್ತ ಒಂದೇ ಉಸಿರಿಗೆ ಎಳೆದಳು. ಗೆರೆ ಓಡಿತು, ಸುತ್ತಿತು, ಹೊರಟ ಜಾಗಕ್ಕೆ ಬಂದು ಕೂಡಿತು. ಅಂಜನಮ್ಮ ಕೈ ಮುಗಿದಳು. ಮುನಿಗಂಗಮ್ಮ ಬಗ್ಗಿ, ಕಣ್ಣು ಕಿರಿದು ಮಾಡಿ ಸುತ್ತಲೂ ನೋಡಿದಳು.

"ಸರಿಯಾಗದೆ," ಎಂದಳು. ಅವಳ ದನಿಯಲ್ಲಿ ನೆಮ್ಮದಿಯಿತ್ತು. ಸೊಸೆಯ ತಲೆಯ ಮೇಲೆ ಮೊದಲ ಸಲ ಕೈಯಿಟ್ಟಳು.

"ಅತ್ತೆ," ಶ್ಯಾಮಲಾ ಕೇಳಿದಳು, "ಎಲ್ಲೀಗಂಟ ನಾನು ಬರೀಬೇಕು?"

"ನಮ್ಮತ್ತೆ ನಂಗೆ ಕೊಟ್ಟಂಗೆ ನೀನೂ ಕೊಡು. ನಿನ್ ಸೊಸೆ ಬರೋಗಂಟ."

ಶ್ಯಾಮಲಾಳಿಗೆ ಇನ್ನೂ ಮಕ್ಕಳೇ ಆಗಿರಲಿಲ್ಲ.